ಹುಡುಕುವವಳು ಯಾವ ದಾರಿಯಿಂದ ಬರುತ್ತಾಳೆ?

ಅಪ್ಪೆಮಿಡಿ ಉಪ್ಪಿನಕಾಯಿಯ ಪುಸ್ತಕವನ್ನು ಯಾವ ಕಪಾಟಿನಲ್ಲಿಡಬೇಕು? ಮಾವು ಎಂಬಲ್ಲಿಯೋ, ಉಪ್ಪಿನಕಾಯಿ ಎಂಬಲ್ಲಿಯೋ, ಉತ್ತರ ಕನ್ನಡ ಎಂಬಲ್ಲಿಯೋ, ಬೇಸಿಗೆಯ ಕೆಲಸಗಳು ಎಂಬಲ್ಲಿಯೋ? ಪುಸ್ತಕ ಕೂರುವುದು ಒಂದೇ ಜಾಗದಲ್ಲಿ. ಹುಡುಕುವವರು ಬರುವುದು ನಾಲ್ಕು ದಾರಿಯಲ್ಲಿ.

ಅಮೆರಿಕದ ಡ್ಯೂಯಿ 1876ರಲ್ಲಿ ಜ್ಞಾನವನ್ನೆಲ್ಲ ಹತ್ತು ಪಾಲು ಮಾಡಿ ಅಂಕಿ ಹಚ್ಚಿದ. ಪ್ರತಿ ವಿಷಯಕ್ಕೂ ಮೊದಲೇ ಗೊತ್ತುಮಾಡಿದ ಗೂಡು. ಮದರಾಸಿನಲ್ಲಿ ಗಣಿತ ಕಲಿಸುತ್ತಿದ್ದು 1924ರಲ್ಲಿ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. 1933ರ ತಮ್ಮ ಕೋಲನ್ ವರ್ಗೀಕರಣದಲ್ಲಿ ಅವರು ವಿಷಯವನ್ನು ಅದರ ಮುಖಗಳಾಗಿ ಬಿಡಿಸಿದರು. ಮುಂದೆ ಆ ಮುಖಗಳನ್ನು ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂದು ಐದಾಗಿ ಗುರುತಿಸಿದರು. ನಮ್ಮ ಬೆಂಗಳೂರಿನಲ್ಲಿಯೇ 1962ರಲ್ಲಿ ಇದರ ಸಂಶೋಧನೆಗೆಂದು ಕೇಂದ್ರ ಕಟ್ಟಿದರು.

ಈ ಪದ್ಧತಿಯಲ್ಲಿ ದೋಷವಿಲ್ಲವೆಂದಲ್ಲ. ಪುಸ್ತಕದ ಬೆನ್ನಿಗೆ ಅಂಟಿಸಿದ ಆ ಅಕ್ಷರ, ಅಂಕಿ, ಚಿಹ್ನೆಗಳ ಸಾಲು ಸಾಮಾನ್ಯ ಓದುಗಳಿಗೆ ಒಗಟೇ ಸರಿ. ಹೆಚ್ಚಿನ ಗ್ರಂಥಾಲಯಗಳು ಡ್ಯೂಯಿಯನ್ನೇ ಹಿಡಿದುಕೊಂಡವು. ಆದರೆ ಕಪಾಟಿನಲ್ಲಿ ತೊಡಕಾದ ವಿಚಾರ ಕಂಪ್ಯೂಟರಿನಲ್ಲಿ ಸಲೀಸಾಯಿತು. ಅಲ್ಲಿ ಒಂದೇ ವಸ್ತು ನಾಲ್ಕು ಕಡೆ ಕಾಣಿಸಿಕೊಳ್ಳಬಹುದು. ವೆಬ್‌ಸೈಟುಗಳ ಮಾಹಿತಿ ವಿನ್ಯಾಸದ ಬಗ್ಗೆ 1998ರಲ್ಲಿ ಹೆಸರಾದ ಪುಸ್ತಕ ಬರೆದ ರೋಸೆನ್‌ಫೆಲ್ಡ್ ಮತ್ತು ಮೊರ್ವಿಲ್ ಇಬ್ಬರೂ ಗ್ರಂಥಾಲಯ ವಿಜ್ಞಾನ ಓದಿದವರೇ. ಇಂದು ನಾವು ಮೊಬೈಲಿನಲ್ಲಿ ಬಣ್ಣ, ನೂಲು, ಬೆಲೆ ಆರಿಸಿ ಸೀರೆ ನೋಡುವಾಗ ನಡೆದುಕೊಳ್ಳುವುದು ರಂಗನಾಥನ್ ತೋರಿದಂಥ ದಾರಿಯಲ್ಲೇ.

ಸೀರೆಗೆ ಸಿಕ್ಕ ಈ ಜಾಣ್ಮೆ ಸಂಕಟದಲ್ಲಿರುವ ಹೆಣ್ಣಿಗೆ ಸಿಕ್ಕಿದೆಯೇ? ಕುಮಟೆಯ ಸಂತೆಗುಳಿಯಲ್ಲಿ ಗಂಡನನ್ನು ಕಳೆದುಕೊಂಡವಳೊಬ್ಬಳು ನೆರವು ಹುಡುಕುತ್ತಾಳೆನ್ನಿ. ಅವಳು ಮೊದಲು ನೋಡುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯನ್ನು. 2023ರಲ್ಲಿ ಬಂದ ಗೃಹಲಕ್ಷ್ಮಿ ಅಲ್ಲಿನದೇ ತಾನೆ? ಆದರೆ ವಿಧವಾ ವೇತನ ಇರುವುದು ಕಂದಾಯ ಇಲಾಖೆಯಲ್ಲಿ, ಅರ್ಜಿ ನಾಡಕಚೇರಿಯಲ್ಲಿ. ಇಲಾಖೆಗಳ ಹೆಸರನ್ನೇ ಬಾಗಿಲು ಮಾಡಿದ ತಾಣಗಳು ಆಳುವವರ ಮನೆಯ ನಕ್ಷೆಯನ್ನು ಕೇಳಬಂದವಳ ಕೈಗೆ ಕೊಡುತ್ತವೆ. ‘ಗಂಡ ತೀರಿಕೊಂಡಾಗ’ ಎಂಬ ಒಂದು ಬಾಗಿಲಿದ್ದರೆ ಮರಣ ಪತ್ರ, ವೇತನ, ಖಾತೆ ಬದಲಾವಣೆ ಎಲ್ಲವನ್ನೂ ಅದರ ಹಿಂದೆ ಜೋಡಿಸಬಹುದು. ಇಲಾಖೆಗಳು ಇದ್ದಲ್ಲೇ ಇರಲಿ, ದಾರಿ ಮಾತ್ರ ಬದಲಾದರೆ ಸಾಕು.

ಓದುಗರ ಸಮಯ ಉಳಿಸಬೇಕೆಂಬುದು 1931ರಲ್ಲಿ ರಂಗನಾಥನ್ ಬರೆದ ಐದು ಸೂತ್ರಗಳಲ್ಲಿ ನಾಲ್ಕನೆಯದು. ದಿನಗೂಲಿ ಬಿಟ್ಟು ಬಸ್ಸು ಹತ್ತಿ ತಪ್ಪು ಕಚೇರಿಗೆ ಹೋಗಿಬರುವವಳಿಗೆ ಸಮಯವೆಂದರೆ ಅಂದಿನ ಅನ್ನ. ತಾಣ ಎಷ್ಟು ಚೆಂದವಿದೆ ಎಂಬುದನ್ನಲ್ಲ, ಅವಳ ಎಷ್ಟು ಓಡಾಟ ತಪ್ಪಿಸಿತು ಎಂಬುದನ್ನೇ ನಾವು ಅಳೆಯಬೇಕು.