ಮಾಂಕ್‌ನೊಳಗಿನ ರುಂಬಾ

ಹಿರಿಯರ ಕೃತಿಗಳನ್ನು ಹೊಸ ಲಯದಲ್ಲಿ ನುಡಿಸಿದ ಆಲ್ಬಂಗಳಿಗೆ ಜಾಝ್‌ನಲ್ಲಿ ಬರವಿಲ್ಲ. ಹೆಚ್ಚಿನವು ಮಾಡುವುದು ಬಟ್ಟೆ ಬದಲಿಸುವ ಕೆಲಸ: ಧಾಟಿ ಹಾಗೆಯೇ ಇರುತ್ತದೆ, ಅದರ ಕೆಳಗೆ ಒಂದಿಷ್ಟು ಕಾಂಗಾ ಸೇರಿಕೊಳ್ಳುತ್ತದೆ. ಜೆರ್ರಿ ಗೊನ್ಸಾಲೆಸ್ ಮತ್ತು ಅವನ ಫೋರ್ಟ್ ಅಪಾಚೆ ಬ್ಯಾಂಡ್ 1989ರಲ್ಲಿ ಹೊರತಂದ ‘ರುಂಬಾ ಪಾರಾ ಮಾಂಕ್’ ಆ ಸಾಲಿಗೆ ಸೇರುವುದಿಲ್ಲ. ಥೆಲೋನಿಯಸ್ ಮಾಂಕ್‌ನ ರಚನೆಗಳನ್ನಷ್ಟೇ ಇಟ್ಟುಕೊಂಡ ಈ ಆಲ್ಬಂ ಕೇಳುವಾಗ ಏಳುವ ಪ್ರಶ್ನೆ ಇದು: ಈ ಲಯ ಮಾಂಕ್‌ಗೆ ಹೊರಗಿನಿಂದ ತೊಡಿಸಿದ್ದೋ, ಅವನೊಳಗೇ ಇದ್ದದ್ದೋ?

ಆಫ್ರೋ-ಕ್ಯೂಬನ್ ಸಂಗೀತದ ಬೆನ್ನೆಲುಬು ಕ್ಲಾವೆ. ಐದು ಪೆಟ್ಟುಗಳು, ಒಂದು ಭಾಗದಲ್ಲಿ ಮೂರು, ಇನ್ನೊಂದರಲ್ಲಿ ಎರಡು. ನಮ್ಮ ತಾಳದ ಹಾಗೆ ಇದು ಎಣಿಕೆಯ ಚೌಕಟ್ಟಲ್ಲ, ತಾನೇ ಒಂದು ನುಡಿಗಟ್ಟು. ‘ಸೋನ್’ ಕ್ಲಾವೆಯ ಮೂರನೆಯ ಪೆಟ್ಟು ಅರ್ಧ ಎಣಿಕೆಯಷ್ಟು ತಡವಾಗಿ ಬಿದ್ದರೆ ಅದು ರುಂಬಾ ಕ್ಲಾವೆ. ಆ ಸಣ್ಣ ತಡದಿಂದ ಇಡೀ ನಡಿಗೆಯೇ ಬದಲಾಗುತ್ತದೆ. ಮಾಂಕ್‌ನ ಪಿಯಾನೋ ಕೇಳಿದವರಿಗೆ ಇದು ಹೊಸದೆನಿಸದು. ಕಾದಲ್ಲಿ ಬಾರದೆ, ಕಾಯದಲ್ಲಿ ಬಂದು ಬೀಳುವ ಸ್ವರವೇ ಅವನ ಸಹಿ.

‘ಮಿಸ್ಟೀರಿಯೋಸೋ’ ನೋಡಿ. 1948ರಲ್ಲಿ ಮಾಂಕ್ ಮುದ್ರಿಸಿದ ಈ ಬ್ಲೂಸ್‌ನ ಪಲ್ಲವಿ ಸ್ವಿಂಗ್‌ನ ತೂಗಾಟವಿಲ್ಲದೆ ಸಮ ಹೆಜ್ಜೆಗಳಲ್ಲಿ ಏರಿಳಿಯುತ್ತದೆ. ಕ್ಲಾವೆ ಕೂರಲು ಬೇಕಾದ ಜಾಗ ಅಲ್ಲಿ ಮೊದಲೇ ಇದೆ. ‘ಬೈ-ಯಾ’ದ 1952ರ ಮೂಲದಲ್ಲಂತೂ ಆರ್ಟ್ ಬ್ಲೇಕಿಯ ಡ್ರಮ್ಸ್ ಆಗಲೇ ಕೆರಿಬಿಯನ್ ಕಡೆಗೆ ವಾಲಿದೆ. ಇದು ಆಕಸ್ಮಿಕವಲ್ಲ. ಮಾಂಕ್ ಬೆಳೆದ ಮ್ಯಾನ್‌ಹಟನ್‌ನ ಸಾನ್ ಹುವಾನ್ ಹಿಲ್‌ನಲ್ಲಿ ಅಮೆರಿಕದ ದಕ್ಷಿಣದಿಂದ ಬಂದ ಕಪ್ಪು ಕುಟುಂಬಗಳ ಪಕ್ಕದಲ್ಲೇ ಕೆರಿಬಿಯನ್ ವಲಸಿಗರೂ ಇದ್ದರು.

ಗೊನ್ಸಾಲೆಸ್ ಟ್ರಂಪೆಟ್ ಮತ್ತು ಕಾಂಗಾ ಎರಡನ್ನೂ ನುಡಿಸುತ್ತಿದ್ದ. ಬ್ರಾಂಕ್ಸ್‌ನಲ್ಲಿ ಬೆಳೆದ ಪೋರ್ಟೊರಿಕನ್ ಮೂಲದ ಅವನಿಗೆ ಅವು ಎರಡು ಬೇರೆ ಪರಂಪರೆಗಳಾಗಿರಲಿಲ್ಲ. ತಮ್ಮ ಆ್ಯಂಡಿಯ ಬಾಸ್, ಸ್ಟೀವ್ ಬೆರ್ರಿಯೋಸ್‌ನ ಡ್ರಮ್ಸ್ ಸ್ವಿಂಗ್‌ನಿಂದ ಕ್ಲಾವೆಗೂ, ಅಲ್ಲಿಂದ ಸ್ವಿಂಗ್‌ಗೂ ಹೊಸ್ತಿಲೇ ಕಾಣದಂತೆ ದಾಟುತ್ತವೆ. ಲ್ಯಾರಿ ವಿಲ್ಲಿಸ್‌ನ ಪಿಯಾನೋ ಮಾಂಕ್‌ನನ್ನು ಅನುಕರಿಸಲು ಹೋಗುವುದಿಲ್ಲ, ಅದು ಜಾಣತನ.

ಒಂದು ತಕರಾರೂ ಇದೆ. ಮಾಂಕ್‌ನ ಸಂಗೀತದಲ್ಲಿ ಮೌನಕ್ಕೆ ಸ್ವರದಷ್ಟೇ ತೂಕ. ತಾಳವಾದ್ಯಗಳು ದಟ್ಟವಾದಾಗ ಆ ಮೌನ ತುಂಬಿಹೋಗುತ್ತದೆ, ಅಸೌಖ್ಯವಾಗಿ ಕೇಳಿಸಬೇಕಾದದ್ದು ಸುಖವಾಗಿ ಕೇಳಿಸತೊಡಗುತ್ತದೆ. ಪಡೆದುದಕ್ಕೆ ಕೊಟ್ಟ ಬೆಲೆ ಇದು.

ಆದರೂ ಈ ಆಲ್ಬಂ ಎತ್ತುವ ವಾದ ಹಳತಾಗಿಲ್ಲ. 2011ರಲ್ಲಿ ಗ್ರ್ಯಾಮಿ ಪ್ರಶಸ್ತಿಯವರು ಲ್ಯಾಟಿನ್ ಜಾಝ್ ವಿಭಾಗವನ್ನು ಕೈಬಿಟ್ಟರು. ಸಂಗೀತಗಾರರ ಪ್ರತಿಭಟನೆಯ ನಂತರ ಮರುವರ್ಷ ಅದನ್ನು ಮರಳಿ ತರಬೇಕಾಯಿತು. ಬೇರೆ ವಿಭಾಗ ಬೇಕು ಎಂಬುದೂ ನ್ಯಾಯವೇ, ಏಕೆಂದರೆ ಇಲ್ಲದಿದ್ದರೆ ಇವರು ಕಾಣಿಸುವುದೇ ಇಲ್ಲ. ಆದರೆ ವಿಭಾಗವೆಂದರೆ ಗೋಡೆಯೂ ಹೌದು: ಒಳಗೆ ಜಾಝ್, ಪಕ್ಕದ ಕೋಣೆಯಲ್ಲಿ ಲ್ಯಾಟಿನ್ ಜಾಝ್. ಈ ಐವರು ಮಾಂಕ್‌ನನ್ನು ನುಡಿಸಿ ಹೇಳುವುದು, ಆ ಗೋಡೆ ಕಟ್ಟುವ ಮೊದಲೇ ಸದ್ದು ಆಚೀಚೆ ಓಡಾಡುತ್ತಿತ್ತು ಎಂದು. ಒಳ್ಳೆಯ ಮರುನಿರೂಪಣೆ ಮೂಲಕ್ಕೆ ಏನನ್ನೋ ಸೇರಿಸುವುದಕ್ಕಿಂತ ಹೆಚ್ಚಾಗಿ, ಮೂಲದಲ್ಲಿ ನಾವು ಕೇಳಿಸಿಕೊಳ್ಳದೆ ಬಿಟ್ಟದ್ದನ್ನು ಕೇಳಿಸುತ್ತದೆ. ಈ ಆಲ್ಬಂನ ನಂತರ ಮಾಂಕ್‌ನ ಮೂಲಕ್ಕೆ ಮರಳಿದರೆ ಕಾಂಗಾ ಇಲ್ಲದ ಕಡೆಯೂ ಅದರ ಪೆಟ್ಟು ಕೇಳಿಸುತ್ತದೆ.