ಮಾಯ, ಜೋಗ ಮತ್ತು ‘ಅಮೂರ್ತ’ದ ಪ್ರಶ್ನೆ: ಭೂತಾರಾಧನೆಯ ಅಧ್ಯಯನಗಳ ಒಂದು ವಿಮರ್ಶೆ

ತುಳುನಾಡಿನ ಭೂತಾರಾಧನೆಯನ್ನು ಕುರಿತ ಬರವಣಿಗೆಯಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ರೂಪಗಳಲ್ಲಿ ಮರುಕಳಿಸುತ್ತದೆ: ಶರೀರವಿಲ್ಲದ ಶಕ್ತಿಯು ಬೆಳೆ, ದನಕರು, ಮನುಷ್ಯದೇಹಗಳ ಮೇಲೆ ಪರಿಣಾಮ ಬೀರುವುದು ಹೇಗೆ? ಆರಾಧಕರ ಚಿಂತನೆಯಲ್ಲಿ ಈ ಪ್ರಶ್ನೆ ಇದೇ ರೂಪದಲ್ಲಿ ಇದೆಯೇ, ಅಥವಾ ಅದು ಅಧ್ಯಯನಕಾರರು ಹೊರಗಿನಿಂದ ತಂದ ಪ್ರಶ್ನೆಯೇ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎ.ಸಿ. ಬರ್ನೆಲ್ 1882ರಲ್ಲಿ ನಿಧನರಾದ ಬಳಿಕ, ಅವರ ಸಂಗ್ರಹದ ಪಾಡ್ದನಗಳು 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ‘ದಿ ಡೆವಿಲ್ ವರ್ಷಿಪ್ ಆಫ್ ದಿ ತುಳುವಾಸ್’ ಎಂಬ ಶೀರ್ಷಿಕೆಯಲ್ಲಿ ಪ್ರಕಟವಾದವು. ಪಠ್ಯಗಳನ್ನು ಉಳಿಸಿಕೊಟ್ಟ ದೃಷ್ಟಿಯಿಂದ ಈ ಕಾರ್ಯ ಸ್ಮರಣೀಯ. ಆದರೆ ‘ಡೆವಿಲ್’ ಎಂಬ ಪದದೊಡನೆ ದೇಹ ಮತ್ತು ಆತ್ಮಗಳನ್ನು ಬೇರ್ಪಡಿಸುವ ಕ್ರೈಸ್ತ ದೇವತಾಶಾಸ್ತ್ರದ ವಿಭಜನೆಯೂ ಒಳಬಂದಿತು. ಮುಂದೆ ಪದ ಬಿದ್ದುಹೋದರೂ ವಿಭಜನೆ ಉಳಿಯಿತು. ‘ಅಮೂರ್ತ ಶಕ್ತಿ’, ‘ಅತಿಮಾನುಷ ಶಕ್ತಿ’ ಎಂಬ ನಮ್ಮ ಪರಿಭಾಷೆಗಳು ಅದರ ಮುಂದುವರಿಕೆಯೇ ಆಗಿವೆ.

ಪಾಡ್ದನಗಳು ಬಳಸುವ ಪರಿಕಲ್ಪನೆಗಳು ‘ಮಾಯ’ ಮತ್ತು ‘ಜೋಗ’. ಇವನ್ನು ಅಮೂರ್ತ ಮತ್ತು ಮೂರ್ತ ಎಂದು ಅನುವಾದಿಸುವುದು ಸುಲಭ, ಆದರೆ ಸರಿಯಲ್ಲ. ತುಳುವಿನಲ್ಲಿ ‘ಮಾಯ ಆಪುನಿ’ ಎಂದರೆ ಕಣ್ಣಿಗೆ ಕಾಣದಂತಾಗುವುದು. ದೇಹವನ್ನು ಕಳೆದುಕೊಳ್ಳುವುದು ಎಂದಲ್ಲ. ಜೋಗವೆಂದರೆ ಕಾಣುವಂತೆ ಇರುವ ಸ್ಥಿತಿ. ವ್ಯತ್ಯಾಸವಿರುವುದು ಕಾಣುವಿಕೆಯಲ್ಲಿ, ದ್ರವ್ಯದಲ್ಲಲ್ಲ.

ಕಲ್ಕುಡ–ಕಲ್ಲುರ್ಟಿ ಪಾಡ್ದನ ಇದಕ್ಕೆ ಉತ್ತಮ ನಿದರ್ಶನ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಶಿಲ್ಪಿಯು ಮತ್ತೊಂದೆಡೆ ಅಂಥದನ್ನು ಕೆತ್ತಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲನ್ನು ಕಡಿಸುತ್ತಾನೆ. ಉಳಿದ ಕೈಕಾಲುಗಳಿಂದಲೇ ಅವನು ವೇಣೂರಿನ ವಿಗ್ರಹವನ್ನು ಕೆತ್ತುತ್ತಾನೆ. ಅಣ್ಣನನ್ನು ಹುಡುಕಿ ಬಂದ ತಂಗಿಯೊಡನೆ ಮಾಯವಾಗಿ ಅರಸನಿಗೆ ಉಪದ್ರವ ಕೊಡುತ್ತಾನೆ. ಕಾರ್ಕಳದ ವಿಗ್ರಹ 1432ರದು, ವೇಣೂರಿನದು 1604ರದು. ಆದ್ದರಿಂದ ಇದನ್ನು ಚರಿತ್ರೆಯೆಂದು ಓದುವಂತಿಲ್ಲ. ಆದರೆ ತರ್ಕ ಸ್ಪಷ್ಟವಾಗಿದೆ. ದೈವದ ಸಾಮರ್ಥ್ಯ ಹುಟ್ಟುವುದು ದೇಹದಿಂದ ಬಿಡುಗಡೆಯಾದುದರಿಂದಲ್ಲ, ದುಡಿಯುವ ದೇಹಕ್ಕೆ ಆದ ಅನ್ಯಾಯದಿಂದ. ಉಪದ್ರವವೆಂಬುದು ತೀರದ ಋಣದ ವಸೂಲಿ.

ಆರಾಧನೆಯ ವಿಧಿಗಳೂ ಇದನ್ನೇ ಸೂಚಿಸುತ್ತವೆ. ದೈವದ ಪರಿಣಾಮ ಗಾಳಿಯಲ್ಲಿ ಸಂಚರಿಸುವುದಿಲ್ಲ. ಭಂಡಾರ, ಮೊಗ, ಕಡ್ಸಲೆ, ಗಗ್ಗರ, ಅಣಿ, ನುಡಿ ಮತ್ತು ಪ್ರಸಾದಗಳ ಮೂಲಕ ಸಾಗುತ್ತದೆ. ಎಣ್ಣೆಬೂಳ್ಯ ಪಡೆದು, ಮುಖವರ್ಣಿಕೆ ಮುಗಿಸಿ, ಪಾಡ್ದನ ಹೇಳಿ, ಗಗ್ಗರ ಕಟ್ಟುವವರೆಗಿನ ಪ್ರತಿ ಹಂತವೂ ದ್ರವ್ಯದ ಕೆಲಸವೇ. ಇವುಗಳಲ್ಲಿ ಒಂದು ತಪ್ಪಿದರೂ ಆರಾಧಕರು ಅದನ್ನು ಲೋಪವೆಂದು ಎಣಿಸುತ್ತಾರೆ.

ಯು.ಪಿ. ಉಪಾಧ್ಯಾಯ ಮತ್ತು ಸುಶೀಲಾ ಉಪಾಧ್ಯಾಯರ 1984ರ ಗ್ರಂಥವು ಭೂತಾರಾಧನೆಯನ್ನು ಆರಾಧನಾ ರಂಗಭೂಮಿಯಾಗಿ ನೋಡಿ, ವೇಷಭೂಷಣ ಮತ್ತು ಕುಣಿತಗಳಿಗೆ ತಕ್ಕ ಮಹತ್ವ ನೀಡಿತು. ಆದರೆ ‘ರಂಗಭೂಮಿ’ ಎಂಬ ಚೌಕಟ್ಟು ನಟ ಬೇರೆ, ಪಾತ್ರ ಬೇರೆ ಎಂಬ ಗ್ರಹಿಕೆಯನ್ನು ಒಳಗೊಂಡಿದೆ. ಪೀಟರ್ ಜೆ. ಕ್ಲಾಸ್ 1979ರಲ್ಲಿ ಆವೇಶ ಮತ್ತು ಮಾಧ್ಯಮತ್ವಗಳನ್ನು ತುಳು ಮೌಖಿಕ ಪರಂಪರೆಯ ಒಳಗಿನಿಂದಲೇ ಬೇರ್ಪಡಿಸಿ ನೋಡಿದ್ದು ಮಹತ್ವದ ಹೆಜ್ಜೆ. ಮಿಹೊ ಇಶಿಯಿ 2013ರ ಲೇಖನದಲ್ಲಿ ಭೂತ ಕಟ್ಟುವವನು ತನ್ನ ಮತ್ತು ದೈವದ ದೃಷ್ಟಿಗಳ ನಡುವೆ ಚಲಿಸುವುದನ್ನು ವಿವೇಚಿಸಿ, ಎರಡರ ನಡುವಿನ ಗೋಡೆಯನ್ನು ತೆಳುಗೊಳಿಸಿದರು.

ಈ ಚರ್ಚೆ ಕೇವಲ ಪರಿಭಾಷೆಯದಲ್ಲ. ದೈವವನ್ನು ಅಮೂರ್ತವೆಂದು ಬಗೆದೊಡನೆ, ಅದಕ್ಕೆ ದೇಹ ಕೊಡುವ ಪಂಬದ, ಪರವ, ನಲಿಕೆಯವರ ಶ್ರಮ ಅಪ್ರಧಾನವಾಗುತ್ತದೆ. ರಾತ್ರಿ ಯಜಮಾನನಿಗೆ ನುಡಿ ಕೊಟ್ಟವನು ಬೆಳಗಾದ ಮೇಲೆ ಜಾತಿಶ್ರೇಣಿಯ ಅಂಚಿಗೆ ಮರಳುತ್ತಿದ್ದ ವ್ಯವಸ್ಥೆ, ‘ಶಕ್ತಿ ದೈವದ್ದು, ದೇಹ ನಿಮಿತ್ತಮಾತ್ರ’ ಎಂಬ ವಿವರಣೆಯಲ್ಲಿ ಸಮರ್ಥನೆ ಪಡೆಯುತ್ತದೆ. 2022ರಲ್ಲಿ ರಾಜ್ಯ ಸರ್ಕಾರ ಅರವತ್ತು ವರ್ಷ ಮೀರಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿದ್ದು, ದೈವದ ಕಾರ್ಯ ಮುಪ್ಪಾಗುವ ದೇಹಗಳನ್ನು ಅವಲಂಬಿಸಿದೆ ಎಂಬುದರ ತಡವಾದ ಅಂಗೀಕಾರ. ಇನ್ನೊಂದೆಡೆ, ದೈವವನ್ನು ಬರಿಯ ಸಂಕೇತವೆಂದರೆ, ಗ್ರಾಮದ ಭೂಮಿಯ ಮೇಲೆ ಅದಕ್ಕಿದೆಯೆಂದು ಜನ ನಂಬಿದ ಒಡೆತನ ಅರ್ಥಹೀನವಾಗುತ್ತದೆ. ಗುತ್ತಿನ ಯಜಮಾನಿಕೆ ಮತ್ತು ಕೋಲದಲ್ಲಿ ಸಲ್ಲುವ ಮರ್ಯಾದೆಗಳ ಕ್ರಮ ಈ ಒಡೆತನವನ್ನೇ ಆಧರಿಸಿವೆ. 1974ರ ಭೂಸುಧಾರಣೆಯಿಂದ ಹಿಡುವಳಿಯ ಸ್ವರೂಪ ಬದಲಾದ ಮೇಲೂ ಆರಾಧನೆ ನಿಲ್ಲಲಿಲ್ಲ ಎಂಬುದನ್ನು ಸಂಕೇತದ ವಿವರಣೆಯೊಂದೇ ಸ್ಪಷ್ಟಪಡಿಸಲಾರದು.

ದೈವವಿದೆಯೇ ಇಲ್ಲವೇ ಎಂದು ತೀರ್ಮಾನಿಸುವುದು ಜಾನಪದ ವಿದ್ವಾಂಸನ ಕೆಲಸವಲ್ಲ. ಆದರೆ ಪರಿಣಾಮವನ್ನು ಯಾರು, ಯಾವ ದ್ರವ್ಯದಿಂದ, ಯಾರ ದೇಹದಲ್ಲಿ ಉಂಟುಮಾಡುತ್ತಾರೆ, ಅದರ ಫಲ ಯಾರಿಗೆ ಸಲ್ಲುತ್ತದೆ ಎಂದು ದಾಖಲಿಸುವುದು ಅವನ ಹೊಣೆ. ಮಾಯ–ಜೋಗಗಳನ್ನು ಅವುಗಳ ಅರ್ಥದಲ್ಲೇ ಬಳಸಿದಾಗ ಈ ದಾಖಲೆ ಸಾಧ್ಯ. ‘ಅಮೂರ್ತ’ ಎಂಬ ಪದ ಅದಕ್ಕೆ ಅಡ್ಡಿಯಾಗಿದೆ.