ಮುಟ್ಟಿದ ಕೈ, ತೊಳೆದ ಕೈ

1890ರ ಫೆಬ್ರವರಿಯಲ್ಲಿ ರಾಬರ್ಟ್ ಲೂಯಿ ಸ್ಟೀವನ್ಸನ್ ಸಿಡ್ನಿಯಿಂದ ಹೊನೊಲುಲುವಿನ ಪ್ರಾಟೆಸ್ಟೆಂಟ್ ಪಾದ್ರಿ ಚಾರ್ಲ್ಸ್ ಹೈಡ್ ಅವರಿಗೆ ಒಂದು ಬಹಿರಂಗ ಪತ್ರ ಬರೆದರು. ಹಿಂದಿನ ವರ್ಷದ ಏಪ್ರಿಲ್ 15ರಂದು ಹವಾಯಿಯ ಮೊಲೊಕಾಯಿ ದ್ವೀಪದಲ್ಲಿ, ಕುಷ್ಠರೋಗಿಗಳ ನಡುವೆ, ಅದೇ ರೋಗದಿಂದ ತೀರಿಕೊಂಡಿದ್ದ ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ ಡೇಮಿಯನ್ ಬಗ್ಗೆ ಹೈಡ್ ತೀರ ಹಗುರವಾಗಿ ಬರೆದಿದ್ದರು. ಸ್ಟೀವನ್ಸನ್ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಮನೆತನದವರು, ಅಂದರೆ ಡೇಮಿಯನ್ನರಿಗಿಂತ ಹೈಡ್ ಅವರ ಕಡೆಗೇ ಹತ್ತಿರದವರು. ಆದರೂ ಅವರು ಡೇಮಿಯನ್ನರ ಪರ ನಿಂತರು. ಆ ವಾದದ ಬಲವಿರುವುದು ಅದರ ಪ್ರಾಮಾಣಿಕತೆಯಲ್ಲಿ. ಡೇಮಿಯನ್ ಒರಟರಾಗಿದ್ದರು, ಹಟಮಾರಿಯಾಗಿದ್ದರು, ಅಚ್ಚುಕಟ್ಟಿನ ಮನುಷ್ಯ ಅಲ್ಲ ಎಂಬುದನ್ನೆಲ್ಲ ಒಪ್ಪಿಕೊಂಡೇ, ಅದರಿಂದ ಆ ಕೆಲಸದ ತೂಕ ಕಡಿಮೆಯಾಗುವುದಿಲ್ಲ ಎಂದು ಅವರು ತೋರಿಸಿದರು.

ಆ ಪತ್ರ ಡೇಮಿಯನ್ನರ ಹೆಸರನ್ನು ಉಳಿಸಿತು. ಜೊತೆಗೆ ನಾವು ಅವರನ್ನು ನೋಡುವ ಬಗೆಯನ್ನೂ ಗಟ್ಟಿ ಮಾಡಿತು: ಸುತ್ತ ನರಕ, ನಡುವೆ ಒಬ್ಬನೇ ಒಬ್ಬ ಬಿಳಿಯ ಸಂತ. ಕ್ರೈಸ್ತ ಕರುಣೆಗೆ ಉದಾಹರಣೆ ಬೇಕೆಂದಾಗ ಪ್ರಸಂಗಪೀಠದಿಂದ ಇಂದಿಗೂ ಇಳಿದುಬರುವುದು ಈ ಚಿತ್ರವೇ. ಈ ಚಿತ್ರ ಡೇಮಿಯನ್ನರಿಗೂ ನ್ಯಾಯ ಮಾಡುವುದಿಲ್ಲ, ಹವಾಯಿಯ ಜನಕ್ಕೂ ಮಾಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಡೇಮಿಯನ್ ಮೊಲೊಕಾಯಿಗೆ ಬಂದದ್ದು 1873ರ ಮೇ 10ರಂದು, ಮೂವತ್ಮೂರರ ವಯಸ್ಸಿನಲ್ಲಿ. ಕುಷ್ಠರೋಗ ಹರಡದಂತೆ ತಡೆಯುವ ಕಾನೂನು ಅದಕ್ಕೂ ಎಂಟು ವರ್ಷ ಹಿಂದೆ, 1865ರಲ್ಲಿ, ಐದನೆಯ ಕಮೆಹಮೆಹಾ ಅರಸನ ಕಾಲದಲ್ಲಿ ಜಾರಿಗೆ ಬಂದಿತ್ತು. 1866ರ ಜನವರಿಯಲ್ಲಿ ಮೊದಲ ತಂಡವಾಗಿ ಹನ್ನೆರಡು ಮಂದಿಯನ್ನು ಕಲಾವಾವೊ ಎಂಬಲ್ಲಿ ತಂದು ಇಳಿಸಲಾಯಿತು. ಅದು ಮೂರು ಕಡೆ ಸಮುದ್ರ, ಹಿಂದೆ ಕಡಿದಾದ ಬೆಟ್ಟದ ಗೋಡೆ ಇರುವ ಒಂದು ಚಾಚು ನೆಲ. ರೋಗಿಗಳು ತಾವೇ ಬೇಸಾಯ ಮಾಡಿಕೊಂಡು ಬದುಕಿಯಾರು ಎಂದು ಸರ್ಕಾರ ಎಣಿಸಿತ್ತು! ಬೆರಳುಗಳೇ ಸ್ವಾಧೀನದಲ್ಲಿ ಇಲ್ಲದವರಿಂದ ಅದನ್ನು ನಿರೀಕ್ಷಿಸಿದ ಆಡಳಿತದ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ರೋಗಿಗಳನ್ನು ತಂದ ಹಡಗುಗಳಲ್ಲಿ ಅವರ ಜೊತೆಗೆ ರೋಗವಿಲ್ಲದವರೂ ಬಂದರು. ಗಂಡನ ಹಿಂದೆ ಹೆಂಡತಿ, ಹೆಂಡತಿಯ ಹಿಂದೆ ಗಂಡ, ಮಗುವಿನ ಹಿಂದೆ ತಾಯಿ. ಹವಾಯಿಯ ಜನ ಇವರನ್ನು 'ಕೊಕುವಾ' ಎಂದು ಕರೆದರು. ರೋಗಿಗೆ ಉಣಿಸಿ, ಗಾಯ ತೊಳೆದು, ಕೊನೆಗೆ ಹೂಳಿದವರು ಇವರು. 1866ರ ಡಿಸೆಂಬರಿನಲ್ಲೇ, ತಮ್ಮನ್ನು ತಂದುಬಿಟ್ಟ ವರ್ಷದೊಳಗೇ, ಮೂವತ್ತೈದು ಮಂದಿ ಸೇರಿ ಸಿಲೋವಾಮಾ ಎಂಬ ಪ್ರಾಟೆಸ್ಟೆಂಟ್ ಸಭೆಯನ್ನು ಕಟ್ಟಿಕೊಂಡರು. ಡೇಮಿಯನ್ ಕಾಲಿಟ್ಟಾಗ ಅಲ್ಲಿ ಹಸಿವಿತ್ತು, ಕುಡಿತವಿತ್ತು, ಬಲಹೀನರನ್ನು ದೋಚುವವರೂ ಇದ್ದರು. ಆದರೆ ಪ್ರಾರ್ಥನೆಯೂ ಇತ್ತು, ಕರುಣೆಯೂ ಇತ್ತು. ಅದೇ 1873ರಲ್ಲಿ ಜೊನಾಥನ್ ನಪೆಲಾ ಎಂಬ ಹವಾಯಿಯವರು ರೋಗ ತಗುಲಿದ ತಮ್ಮ ಹೆಂಡತಿ ಕಿಟ್ಟಿಯ ಜೊತೆ ಅಲ್ಲಿಗೆ ಬಂದರು. ಅವರು ಮಾರ್ಮನ್ ಪಂಥದವರು, ಆ ಪಂಥದ ಗ್ರಂಥವನ್ನು ಹವಾಯಿ ನುಡಿಗೆ ತರುವಲ್ಲಿ ನೆರವಾದವರು. ಕೆಲವು ವರ್ಷಗಳಲ್ಲಿ ರೋಗ ಅವರಿಗೂ ತಗುಲಿತು, 1879ರಲ್ಲಿ ಅಲ್ಲೇ ತೀರಿಕೊಂಡರು. ಡೇಮಿಯನ್ನರ ಕಥೆಯೊಡನೆ ಹೋಲಿಸಿದರೆ ಇಲ್ಲಿ ಏನು ಕಡಿಮೆಯಾಗಿದೆ? ಅದೇ ನಿರ್ಧಾರ, ಅದೇ ದ್ವೀಪ, ಅದೇ ಸಾವು. ಹೆಂಡತಿಗಾಗಿ ಹೋದದ್ದು ಕರ್ತವ್ಯ, ಪರರಿಗಾಗಿ ಹೋದದ್ದು ಕರುಣೆ ಎಂದು ಯಾರಾದರೂ ಗೆರೆ ಎಳೆಯಬಹುದು. ಮನೆಯವರೇ ಹೆದರಿ ಬಾಗಿಲು ಮುಚ್ಚಿಕೊಳ್ಳುವ ರೋಗದ ಮುಂದೆ ಆ ಗೆರೆ ನಿಲ್ಲುವುದಿಲ್ಲ.

ಹಾಗಾದರೆ ಡೇಮಿಯನ್ನರ ಹಿರಿಮೆ ಎಲ್ಲಿದೆ? ಅವರ ಸಾವಿನಲ್ಲಿ ಅಲ್ಲ, ಬಡಗಿತನದಲ್ಲಿ ಎಂದು ನಾನು ಹೇಳುತ್ತೇನೆ. ಬಿಷಪ್ ಮೈಗ್ರೆ ಮೊದಲು ಯೋಚಿಸಿದ್ದು ನಾಲ್ವರು ಪಾದ್ರಿಗಳು ಸರದಿಯ ಮೇಲೆ ಹೋಗಿಬರಲಿ ಎಂದು. ಮೊದಲ ಸರದಿಗೆ ಹೋದ ಡೇಮಿಯನ್ ಅಲ್ಲೇ ಉಳಿದರು. ಆರಂಭದ ದಿನಗಳಲ್ಲಿ ಮಲಗಿದ್ದು ಇಗರ್ಜಿಯ ಪಕ್ಕದ ಕೇದಗೆ ಜಾತಿಯ ಒಂದು ಮರದಡಿ. ಆಮೇಲೆ ಮರ ಕೊಯ್ದು ಗುಡಿಸಲು ಕಟ್ಟಿದರು, ಶವಪೆಟ್ಟಿಗೆ ಮಾಡಿದರು, ಗುಂಡಿ ತೋಡಿದರು, ನೀರಿಗೆ ಕೊಳವೆ ಹಾಕಿಸಿದರು, ಗಾಯ ಕಟ್ಟಿದರು. ಸಾಯುವವನಿಗೆ ಒಂದು ಪೆಟ್ಟಿಗೆಯಾದರೂ ಸಿಗುತ್ತದೆ ಎಂಬ ಭರವಸೆಯನ್ನು ಹಲಗೆಯಿಂದ, ಮೊಳೆಯಿಂದ ಕೊಟ್ಟದ್ದು ಅವರ ನಂಬಿಕೆಯ ಅತ್ಯಂತ ಸ್ಪಷ್ಟವಾದ ಮಾತು. ಊಟದ ವಿಷಯ ಇನ್ನೂ ದೊಡ್ಡದು. ಹವಾಯಿಯಲ್ಲಿ ಕೆಸುವಿನ ಗೆಡ್ಡೆಯನ್ನು ಅರೆದು ಮಾಡುವ 'ಪೊಯಿ'ಯನ್ನು ಒಂದೇ ಬಟ್ಟಲಿನಿಂದ ಎಲ್ಲರೂ ಬೆರಳಲ್ಲಿ ಎತ್ತಿ ತಿನ್ನುತ್ತಿದ್ದರು. ಡೇಮಿಯನ್ ಆ ಬಟ್ಟಲಿಗೆ ಕೈ ಹಾಕಿದರು. ಪಂಕ್ತಿ ಎಂದರೇನು, ಪಂಕ್ತಿಯಿಂದ ಎಬ್ಬಿಸುವುದು ಎಂದರೇನು ಎಂದು ತಲೆಮಾರುಗಳಿಂದ ಬಲ್ಲ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರ ಕರುಣೆಯಲ್ಲಿ ಬೇರೆ ಉದ್ದೇಶವೂ ಬೆರೆತಿತ್ತು. ಬಂದ ಆರು ತಿಂಗಳಲ್ಲೇ, ಇನ್ನೂ ಆರೋಗ್ಯವಾಗಿದ್ದಾಗಲೇ, ಅಣ್ಣನಿಗೆ ಬರೆದ ಕಾಗದದಲ್ಲಿ ತಾನು ರೋಗಿಗಳ ಜೊತೆ ರೋಗಿಯಾಗುತ್ತಿದ್ದೇನೆ ಎನ್ನುತ್ತಾರೆ, ಎಲ್ಲರನ್ನೂ ಕ್ರಿಸ್ತನಿಗೆ ಗೆದ್ದುಕೊಡಲು ಎಂಬ ಕಾರಣವನ್ನೂ ಸೇರಿಸುತ್ತಾರೆ. ಕುಡಿತ, ಕುಣಿತದ ಕೂಟಗಳಿಗೆ ಬೆತ್ತ ಹಿಡಿದು ನುಗ್ಗಿದ್ದೂ ಇದೇ ಮನುಷ್ಯ. ಸಾವಿನ ಮುಂದೆ ಕುಳಿತವರ ಕುಣಿತ ನಿಲ್ಲಿಸುವ ಹಕ್ಕು ಅವರಿಗೆ ಎಲ್ಲಿಂದ ಬಂತು ಎಂದು ಇಂದು ಕೇಳಲೇಬೇಕು. ಆದರೆ ಮತಕ್ಕೆ ಸೆಳೆಯುವುದಷ್ಟೇ ಗುರಿಯಾಗಿದ್ದರೆ ಇಷ್ಟು ಹಲಗೆ ಕೊಯ್ಯುವ ಅಗತ್ಯವಿರಲಿಲ್ಲ. ಮಾರ್ಮನ್ ನಪೆಲಾ ಜೊತೆ ಅವರಿಗೆ ಸ್ನೇಹವಿತ್ತು ಎಂಬುದನ್ನೂ ತಕ್ಕಡಿಗೆ ಹಾಕಬೇಕು.

1884ರ ಕೊನೆಯಲ್ಲಿ ಕುದಿಯುವ ನೀರಿಗೆ ಕಾಲಿಟ್ಟಾಗ ಅವರಿಗೆ ಸುಟ್ಟ ಅರಿವೇ ಆಗಲಿಲ್ಲ. ರೋಗ ಬಂದಿತ್ತು. ಇಲ್ಲಿಂದ ಮುಂದೆ ಭಕ್ತರು ಹೇಳುವ ಕಥೆ ನನಗೆ ಒಪ್ಪಿಗೆಯಾಗುವುದಿಲ್ಲ. ಡೇಮಿಯನ್ನರಿಗೆ ಬಂದ ಕುಷ್ಠ ತ್ಯಾಗದ ಮುದ್ರೆಯಾದರೆ, ಆ ನೆಲೆಗೆ ಒಂದು ಶತಮಾನದಲ್ಲಿ ಗಡೀಪಾರಾದ ಸುಮಾರು 8,000 ಮಂದಿಗೆ ಬಂದ ಕುಷ್ಠ ಏನು? ಒಂದೇ ರೋಗಾಣು ಒಬ್ಬರಲ್ಲಿ ಪುಣ್ಯ, ಉಳಿದವರಲ್ಲಿ ಬರೀ ದುರದೃಷ್ಟವಾಗಲಾರದು. ಸೋಂಕನ್ನೇ ಕರುಣೆಯ ಪುರಾವೆಯಾಗಿ ಆರಾಧಿಸಿದರೆ ಸೋಂಕು ತಗುಲದಂತೆ ಸೇವೆ ಮಾಡಿದವರು ಕಣ್ಣಿಗೆ ಬೀಳುವುದೇ ಇಲ್ಲ.

ಮದರ್ ಮರಿಯಾನ್ ಕೋಪ್ ಹಾಗೆ ಕಣ್ಣಿಗೆ ಬೀಳದೆ ಹೋದವರು. ನ್ಯೂಯಾರ್ಕ್ ಸಂಸ್ಥಾನದ ಸಿರಾಕ್ಯೂಸ್‌ನಲ್ಲಿ ಆಸ್ಪತ್ರೆ ನಡೆಸಿದ್ದ ಈ ಫ್ರಾನ್ಸಿಸ್ಕನ್ ಧರ್ಮಭಗಿನಿ ಆರು ಮಂದಿ ಸಂಗಾತಿಗಳೊಡನೆ 1883ರ ನವೆಂಬರಿನಲ್ಲಿ ಹೊನೊಲುಲುವಿಗೆ ಬಂದರು. ಅದಕ್ಕೆ ಮುಂಚೆ ಇದೇ ಕೋರಿಕೆ ಐವತ್ತಕ್ಕೂ ಹೆಚ್ಚು ಧರ್ಮಸಂಘಗಳಿಗೆ ಹೋಗಿ ವಾಪಸಾಗಿತ್ತು. 1888ರಲ್ಲಿ ಅವರು ಮೊಲೊಕಾಯಿಗೆ ನಡೆದರು. ಸಾಯುತ್ತಿದ್ದ ಡೇಮಿಯನ್ನರನ್ನು ನೋಡಿಕೊಂಡರು, ಹೆಣ್ಣುಮಕ್ಕಳಿಗಾಗಿ ಬಿಷಪ್ ಹೋಮ್ ನಡೆಸಿದರು, 1918ರಲ್ಲಿ ಅಲ್ಲೇ ಮಣ್ಣಾದರು. ಅವರು ಕೈ ತೊಳೆಯುವುದನ್ನು ನಿಯಮವಾಗಿ ಪಾಲಿಸಿದರು, ಪಾಲಿಸುವಂತೆ ಮಾಡಿದರು. ನಮ್ಮಲ್ಲಿ ಯಾರಿಗೂ ಈ ರೋಗ ಬರದು ಎಂದು ಸಂಗಾತಿಗಳಿಗೆ ಮಾತು ಕೊಟ್ಟಿದ್ದರು, ಯಾರಿಗೂ ಬರಲಿಲ್ಲ. ಮೂವತ್ತು ವರ್ಷ ಗಾಯ ತೊಳೆದು ಆರೋಗ್ಯವಾಗಿಯೇ ಉಳಿದವರ ಜೀವನದಲ್ಲಿ ನಾಟಕವಿಲ್ಲ, ಹಾಗಾಗಿ ಪ್ರಸಂಗಗಳಲ್ಲಿ ಅವರ ಹೆಸರೂ ಕಡಿಮೆ. ಆದರೆ ಇವರ ದಾರಿಯನ್ನು ನಾಳೆ ಇನ್ನೊಬ್ಬರು ಹಿಡಿಯಬಹುದು. ಡೇಮಿಯನ್ನರ ದಾರಿಯನ್ನು ಯಾವ ಯುವ ದಾದಿಗೂ ಹಿಡಿ ಎಂದು ಹೇಳಲಾಗದು. ಒಬ್ಬರು ಬಟ್ಟಲನ್ನು ಹಂಚಿಕೊಂಡು ದೂರವನ್ನು ಅಳಿಸಿದರು, ಇನ್ನೊಬ್ಬರು ಶುಚಿಯಾದ ಹಾಸಿಗೆ, ಶುಚಿಯಾದ ಬಟ್ಟೆ ಕೊಟ್ಟು ಅದೇ ದೂರವನ್ನು ಬೇರೆ ರೀತಿಯಲ್ಲಿ ಅಳಿಸಿದರು. ಎರಡೂ ಒಂದೇ ಸುವಾರ್ತೆಯಿಂದ ಹುಟ್ಟಿದವು. ಆಚರಣೆಯಾಗಿ ತೂಗಿದರೆ ಎರಡನೆಯದೇ ಮೇಲು.

ಡೇಮಿಯನ್ನರ ಸಾವಿನ ಅಲೆ ನಮ್ಮ ದೇಶಕ್ಕೂ ಬಡಿಯಿತು. ಅವರ ನೆನಪಿಗೆಂದು ಲಂಡನ್ನಿನಲ್ಲಿ ಹುಟ್ಟಿದ ಕುಷ್ಠರೋಗ ನಿಧಿ 1890ರಲ್ಲಿ ಭಾರತಕ್ಕೆ ಒಂದು ಆಯೋಗವನ್ನು ಕಳಿಸಿತು. ಸೋಂಕಿನ ಅಪಾಯ ಅಲ್ಪ, ರೋಗಿಗಳನ್ನು ಬಲವಂತವಾಗಿ ಕೂಡಿಹಾಕುವುದು ಬೇಡ ಎಂದೇ ಆ ಆಯೋಗ ಹೇಳಿತು. ಆದರೂ 1898ರಲ್ಲಿ ನಿರ್ಗತಿಕ ಕುಷ್ಠರೋಗಿಗಳನ್ನು ಹಿಡಿದು ಆಶ್ರಮಗಳಲ್ಲಿ ಇಡುವ ಕಾನೂನು ಬಂತು. ಅದು ಸಂಪೂರ್ಣ ರದ್ದಾದದ್ದು 2016ರಲ್ಲಿ! ಮಂಗಳೂರಿನ ಕಂಕನಾಡಿಯಲ್ಲಿ ಜೆಸ್ವಿತ್ ಪಾದ್ರಿ ಆಗಸ್ಟಸ್ ಮುಲ್ಲರ್ ಕುಷ್ಠರೋಗಿಗಳಿಗೆ ಆಸರೆ ಕಟ್ಟಿದ್ದೂ ಇದೇ 1890ರ ಹೊತ್ತಿಗೆ. ಕರುಣೆಯುಳ್ಳ ಒಬ್ಬೊಬ್ಬರು ಆಸರೆ ಕಟ್ಟುತ್ತಿದ್ದಾಗ ಕಾನೂನು ಬೇಲಿ ಕಟ್ಟುತ್ತಿತ್ತು. ಹವಾಯಿಯಲ್ಲಿ ಸಲ್ಫೋನ್ ಔಷಧ 1940ರ ದಶಕದಲ್ಲೇ ಬಂದರೂ ಪ್ರತ್ಯೇಕತೆಯ ಕಾನೂನು ಹೋಗಲು 1969 ಆಗಬೇಕಾಯಿತು. ಗಾಯ ಕಟ್ಟಿದಷ್ಟೇ ಗಟ್ಟಿಯಾಗಿ ಕ್ರೈಸ್ತ ಸಭೆಗಳು ಈ ಕಾನೂನುಗಳನ್ನು ಪ್ರಶ್ನಿಸಬೇಕಿತ್ತು. ಡೇಮಿಯನ್ ಆರೋಗ್ಯ ಮಂಡಳಿಯೊಂದಿಗೆ ಹಲಗೆಗಾಗಿ, ಅನ್ನಕ್ಕಾಗಿ, ಔಷಧಕ್ಕಾಗಿ ಸದಾ ಜಗಳವಾಡಿದರು. ಮೇಲಿನವರಿಗೆ ಕಿರಿಕಿರಿ ಎನಿಸಿದ ಆ ಜಗಳಗಂಟತನವನ್ನು ನಾನು ಅವರ ದೋಷಗಳ ಪಟ್ಟಿಯಿಂದ ತೆಗೆದು ಗುಣಗಳ ಸಾಲಿಗೆ ಸೇರಿಸುತ್ತೇನೆ.

2009ರ ಅಕ್ಟೋಬರ್ 11ರಂದು ಡೇಮಿಯನ್ನರಿಗೂ 2012ರಲ್ಲಿ ಮರಿಯಾನ್ ಅವರಿಗೂ ರೋಮಿನಲ್ಲಿ ಸಂತ ಪದವಿ ಸಿಕ್ಕಿತು. ಅಲ್ಲಿ ಹೂಳಲ್ಪಟ್ಟ ಸಾವಿರಾರು ಮಂದಿಯಲ್ಲಿ ಬಹುಪಾಲು ಜನರ ಸಮಾಧಿಗೆ ಗುರುತಿನ ಕಲ್ಲೂ ಇಲ್ಲ. ಅವರೆಲ್ಲರ ಹೆಸರು ಕೊರೆದ ಸ್ಮಾರಕವೊಂದು ಬೇಕೆಂದು ರೋಗಿಗಳ ವಂಶಸ್ಥರೂ ಬಂಧುಗಳೂ ಕೇಳಿದರು, ಅಮೆರಿಕದ ಸಂಸತ್ತು 2009ರಲ್ಲೇ ಅದಕ್ಕೆ ಅನುಮತಿ ಕೊಟ್ಟಿತು. ಮೊಲೊಕಾಯಿಯ ಬಗ್ಗೆ ಇನ್ನು ಮುಂದೆ ಬೋಧಿಸುವ ಪಾದ್ರಿಗಳು ಆ ಹೆಸರುಗಳಿಂದ ಶುರುಮಾಡಲಿ, ನಪೆಲಾರಿಂದ, ಸಿಲೋವಾಮಾದ ಮೂವತ್ತೈದು ಮಂದಿಯಿಂದ. ಡೇಮಿಯನ್ ಆಮೇಲೆ ಬರಲಿ, ಬದುಕಿನಲ್ಲಿ ಬಂದ ಹಾಗೆಯೇ.